ಹೊರದೇಶದ ಮಕ್ಕಳ ಜೊತೆ ಒಂದಷ್ಟು ಕಾಲ: ಯಾವ ದಾರಿ ಯಾರಿಗೆ?

ಪದವಿಯನ್ನೋ ಬಿ.ಎಡ್. ಅನ್ನೋ ಮುಗಿಸಿದ ಹುಡುಗ ಹುಡುಗಿಯರು ಈಚೆಗೆ ನನ್ನ ಬಳಿ ಬಂದು ಕೇಳುವ ಪ್ರಶ್ನೆ ಇದು: "ಮೇಡಂ, ಹೊರದೇಶಕ್ಕೆ ಹೋಗಿ ಮಕ್ಕಳ ಜೊತೆ ಸೇವೆ ಮಾಡಬೇಕು ಅಂತ ಆಸೆ ಇದೆ. ಅಲ್ಲಿಯ ಒಂದು ಮನೆಯಲ್ಲಿ ಮನೆಯವರಂತೆ ಇದ್ದು ಬರಬೇಕು. ಯಾವುದನ್ನು ಆರಿಸಿಕೊಳ್ಳಲಿ?" ಗಂಗಾವತಿ, ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆಯ ಮಕ್ಕಳು ಇವರು. ಬಹಳಷ್ಟು ಮನೆಗಳಲ್ಲಿ ಮೊದಲ ಪಾಸ್‌ಪೋರ್ಟ್ ಇವರದೇ. ಮೊಬೈಲಿನಲ್ಲಿ ಬರುವ ಜಾಹೀರಾತುಗಳಲ್ಲಿ ಎಲ್ಲ ಕಾರ್ಯಕ್ರಮಗಳೂ ಒಂದೇ ತರಹ ಕಾಣುತ್ತವೆ: ನಗುವ ಮಗು, ಮಗುವನ್ನು ಎತ್ತಿಕೊಂಡ ಯುವತಿ, ಹಿಂದೆ ಬೆಟ್ಟ. ಒಳಗೆ ಹೋಗಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಈ ದಾರಿಗಳನ್ನು ನಾನು ಖರ್ಚಿನ ಲೆಕ್ಕದಲ್ಲಿ ಮೊದಲು ತೂಗುವುದಿಲ್ಲ. ಖರ್ಚು ಮುಖ್ಯವೇ, ಮುಂದೆ ಹೇಳುತ್ತೇನೆ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನೀವು ವಾಪಸು ಬಂದ ಮರುದಿನ ಬೆಳಿಗ್ಗೆ ಆ ಮಗುವನ್ನು ಎಬ್ಬಿಸುವವರು ಯಾರು? ತಾಯಿ, ತಂದೆ, ಅಜ್ಜಿ, ವರ್ಷಗಳಿಂದ ಅಲ್ಲೇ ಇರುವ ಶಿಕ್ಷಕಿ ಎಂಬ ಉತ್ತರ ಬಂದರೆ ಆ ದಾರಿಯನ್ನು ನೋಡಬಹುದು. "ಮುಂದಿನ ಬ್ಯಾಚಿನ ಸ್ವಯಂಸೇವಕರು" ಎಂಬ ಉತ್ತರ ಬಂದರೆ ಅದು ಎಷ್ಟೇ ಅಗ್ಗವಾಗಿರಲಿ, ಎಷ್ಟೇ ಚಂದದ ಊರಿನಲ್ಲಿರಲಿ, ಬೇಡ.

ಈ ಮಾತನ್ನು ಕೊಪ್ಪಳ ಜಿಲ್ಲೆಯಲ್ಲಿ ಕುಳಿತು ಹೇಳುವುದಕ್ಕೆ ಕಾರಣವಿದೆ. ಹಂಪಿಗೆ ಬರುವ ವಿದೇಶಿಯರು ನದಿ ದಾಟಿ ಆನೆಗೊಂದಿ, ಸಣಾಪುರದ ಕಡೆ ಉಳಿಯುವುದನ್ನು ನಾವು ಬಹಳ ವರ್ಷಗಳಿಂದ ನೋಡಿದ್ದೇವೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಅವರ ಕಾಲ. ಅವರಲ್ಲಿ ಒಳ್ಳೆಯ ಮನಸ್ಸಿನವರು ಬಹಳ. ಹಳ್ಳಿಯ ಮಕ್ಕಳನ್ನು ಸೇರಿಸಿ ಹಾಡು ಹೇಳಿಕೊಡುತ್ತಾರೆ, ಚಿತ್ರ ಬಿಡಿಸುತ್ತಾರೆ, ಇಂಗ್ಲಿಷ್ ಕಲಿಸುತ್ತಾರೆ. ಬಿಸಿಲು ಏರಿದಂತೆ ಹೊರಟು ಹೋಗುತ್ತಾರೆ. ಎರಡನೇ ತರಗತಿಯ ಹುಡುಗಿಯೊಬ್ಬಳು ಮೊಂಡಾದ ಬಣ್ಣದ ಕಡ್ಡಿಗಳ ಡಬ್ಬಿಯನ್ನು ನನ್ನ ಮುಂದೆ ತೆರೆದು, ಒಂದೊಂದೇ ಕಡ್ಡಿಯನ್ನು ಎಣಿಸಿ ಇಟ್ಟು, "ಆ ಅಕ್ಕ ಮತ್ತೆ ಯಾವಾಗ ಬರುತ್ತಾರೆ?" ಎಂದು ಕೇಳಿದ್ದಳು. ಆ ಅಕ್ಕ ಯಾವ ದೇಶದವರು ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಆ ಹುಡುಗಿಗೆ ಅಮ್ಮ ಇದ್ದಾರೆ, ಮನೆ ಇದೆ, ಶಾಲೆ ಇದೆ. ಅದಕ್ಕೇ ಆ ನೋವು ಸಣ್ಣದರಲ್ಲೇ ಮುಗಿಯಿತು. ಅವು ಯಾವುವೂ ಇಲ್ಲದ ಮಗುವಿನ ಮುಂದೆ ನಾವೇ ಆ ಅಕ್ಕನಾಗಿ ಹೋಗುವುದಾದರೆ ಏನಾಗುತ್ತದೆ ಎಂದು ಯೋಚಿಸಬೇಕು.

ಅನಾಥಾಶ್ರಮದ ಪ್ಯಾಕೇಜುಗಳು

ಜಾಹೀರಾತುಗಳಲ್ಲಿ ಹೆಚ್ಚು ಕಾಣುವುದು ಇವೇ. ನೇಪಾಳ, ಕಾಂಬೋಡಿಯಾ, ಇಂಡೊನೇಷ್ಯಾದ ಬಾಲಿ, ಕೀನ್ಯಾ, ಘಾನಾ. ಒಂದು ವಾರದಿಂದ ನಾಲ್ಕು ವಾರ, ಶುಲ್ಕ ಡಾಲರ್‌ನಲ್ಲಿ, ಅನುಭವ ಬೇಕಿಲ್ಲ, ಇಂದೇ ಹೆಸರು ನೋಂದಾಯಿಸಿ. ಇವುಗಳನ್ನು ಹೋಲಿಕೆಯಿಂದಲೇ ಹೊರಗಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಜಗತ್ತಿನಾದ್ಯಂತ ಇಂಥ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದಾರೆ ಎಂಬುದು ಮಕ್ಕಳ ಹಕ್ಕುಗಳ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಒಪ್ಪಿದ ಮಾತು. ಮಕ್ಕಳನ್ನು ಅಲ್ಲಿಗೆ ತಂದು ಬಿಡುವುದು ಬಡತನ. ಓದಿಸುತ್ತೇವೆ ಎಂಬ ಮಾತಿಗೆ ಹಳ್ಳಿಯ ತಾಯಿ ಮಗುವನ್ನು ಕಳಿಸುತ್ತಾಳೆ. ನೇಪಾಳದಲ್ಲಿ ದೂರದ ಗುಡ್ಡಗಾಡು ಜಿಲ್ಲೆಗಳ ಮಕ್ಕಳನ್ನು ದಲ್ಲಾಳಿಗಳು ಹೀಗೆಯೇ ಕಠ್ಮಂಡು, ಪೋಖರಾದ ಆಶ್ರಮಗಳಿಗೆ ತಂದರು. ಪ್ರವಾಸಿಗರು ಬರುವ ಊರುಗಳಲ್ಲೇ ಆಶ್ರಮಗಳು ಗುಂಪುಗುಂಪಾಗಿ ಇರುವುದು ಆಕಸ್ಮಿಕವಲ್ಲ. 2015ರ ಏಪ್ರಿಲ್ 25ರ ಭೂಕಂಪದ ನಂತರ, ಅನುಮತಿ ಇಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಜಿಲ್ಲೆಗೆ ಸಾಗಿಸುವುದನ್ನು ಅಲ್ಲಿಯ ಸರ್ಕಾರ ನಿಲ್ಲಿಸಬೇಕಾಗಿ ಬಂತು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ವಿರುದ್ಧದ ಕಾಯ್ದೆ ತಂದಾಗ, ಹಣಕ್ಕಾಗಿ ಮಕ್ಕಳನ್ನು ಆಶ್ರಮಗಳಿಗೆ ಸಾಗಿಸುವುದನ್ನೂ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ಕುರಿತ ನಿರ್ಣಯದಲ್ಲಿ ಆಶ್ರಮ ಪ್ರವಾಸದ ಅಪಾಯವನ್ನು ಎತ್ತಿ ಹೇಳಿತು.

ಅಲ್ಲಿಗೆ ಹೋದವರು ವಾಪಸು ಬಂದು ಹೇಳುವುದು, "ಮಕ್ಕಳು ಎಷ್ಟು ಪ್ರೀತಿಯವರು! ಮೊದಲ ದಿನವೇ ಓಡಿ ಬಂದು ತಬ್ಬಿಕೊಂಡವು" ಎಂದು. ನಿಮ್ಮ ಮನೆಯ ಮೂರು ವರ್ಷದ ಮಗುವನ್ನು ನೆನಪಿಸಿಕೊಳ್ಳಿ. ಗುರುತಿಲ್ಲದವರು ಬಂದರೆ ಅದು ಅಮ್ಮನ ಸೆರಗಿನ ಹಿಂದೆ ಹೋಗುತ್ತದೆ, ಇಣುಕಿ ನೋಡುತ್ತದೆ, ಅರ್ಧ ಗಂಟೆಯಾದ ಮೇಲೆ ಮೆಲ್ಲಗೆ ಹತ್ತಿರ ಬರುತ್ತದೆ. ಕಂಡವರನ್ನೆಲ್ಲ ತಬ್ಬಿಕೊಳ್ಳುವ ಮಗುವಿಗೆ ತನ್ನವರು ಯಾರು ಎಂಬುದು ಗಟ್ಟಿಯಾಗಿಲ್ಲ ಎಂದೇ ಮಕ್ಕಳ ಮನಸ್ಸನ್ನು ಬಲ್ಲವರು ಹೇಳುತ್ತಾರೆ. ಎರಡು ವಾರಕ್ಕೊಮ್ಮೆ ಹೊಸ ಮುಖ ಬಂದು ಹೋಗುತ್ತಿದ್ದರೆ ಅದು ಇನ್ನಷ್ಟು ಹದಗೆಡುತ್ತದೆ.

ಇನ್ನೊಂದು ರೀತಿಯಲ್ಲೂ ನೋಡಬಹುದು. ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳ ಪಾಲನಾ ಸಂಸ್ಥೆಗಳೆಲ್ಲ ನೋಂದಣಿ ಆಗಿರಬೇಕು. ಮಗುವನ್ನು ಅಲ್ಲಿ ಇಡಬೇಕೇ ಬೇಡವೇ ಎಂಬುದನ್ನು ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ. ಮಗುವಿನ ಗುರುತು ಬಹಿರಂಗಪಡಿಸುವುದು ಅಪರಾಧ. ಬಳ್ಳಾರಿಯ ಬಾಲಮಂದಿರಕ್ಕೆ ಯಾರೋ ಅಪರಿಚಿತರು ಹಣ ಕಟ್ಟಿ ಒಳಗೆ ಹೋಗಿ, ಮಕ್ಕಳಿಗೆ ಸ್ನಾನ ಮಾಡಿಸಿ, ಫೋಟೊ ತೆಗೆದು ಹಾಕಿದರೆ ನಾವು ಸುಮ್ಮನಿರುತ್ತೇವೆಯೇ? ಇಲ್ಲಿ ಒಪ್ಪದ್ದನ್ನು ಅಲ್ಲಿ ಮಾಡಬಾರದು.

ಓ ಪೇರ್: ಮಗು, ಮನೆ, ಕೆಲಸ ಮೂರೂ ಒಂದೇ ಕಡೆ

ಸ್ಥಳೀಯ ಕುಟುಂಬದೊಂದಿಗೆ ಬಾಂಧವ್ಯ ಬೇಕು ಎನ್ನುವವರಿಗೆ ನೇರವಾದ ದಾರಿ ಓ ಪೇರ್ ವ್ಯವಸ್ಥೆ. ಒಂದು ಕುಟುಂಬದ ಮನೆಯಲ್ಲೇ ಇದ್ದು, ಅವರ ಮಕ್ಕಳನ್ನು ನೋಡಿಕೊಂಡು, ಊಟ ವಸತಿಯ ಜೊತೆಗೆ ಕೈಖರ್ಚಿನ ಹಣ ಪಡೆಯುವುದು. ಇದು ಸ್ವಯಂಸೇವೆಯೇ ಅಲ್ಲ ಎಂದು ವಾದಿಸುವವರಿದ್ದಾರೆ. ಸಂಬಳದ ಉದ್ಯೋಗವೂ ಅಲ್ಲ, ಪೂರ್ತಿ ಸೇವೆಯೂ ಅಲ್ಲ, ಒಪ್ಪಂದದ ಸಹವಾಸ ಎನ್ನಬಹುದು. ನನ್ನ ಪ್ರಶ್ನೆಗೆ ಇಲ್ಲಿ ಉತ್ತರ ಸ್ಪಷ್ಟ: ನೀವು ಹೊರಟ ಮೇಲೆ ಮಗುವಿನ ಜೊತೆ ಅದರ ತಂದೆ ತಾಯಿ ಇರುತ್ತಾರೆ.

ಜರ್ಮನಿಯ ನಿಯಮಗಳು ಹೀಗಿವೆ. ಅರ್ಜಿ ಹಾಕುವಾಗ 18 ತುಂಬಿರಬೇಕು, 27 ತುಂಬಿರಬಾರದು. ಅವಧಿ 6ರಿಂದ 12 ತಿಂಗಳು. ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ. ವಾರದಲ್ಲಿ ಒಂದೂವರೆ ದಿನ ಬಿಡುವು, ವರ್ಷಕ್ಕೆ 4 ವಾರ ರಜೆ. ಸ್ವಂತ ಕೋಣೆ ಕೊಡಬೇಕು. ತಿಂಗಳಿಗೆ 280 ಯೂರೊ ಕೈಖರ್ಚು, ಭಾಷಾ ತರಗತಿಗೆ ತಿಂಗಳಿಗೆ 70 ಯೂರೊ, ವಿಮೆಯ ಖರ್ಚು ಕುಟುಂಬದ್ದು. ವಿಮಾನದ ಟಿಕೆಟ್ ಸಾಮಾನ್ಯವಾಗಿ ನಿಮ್ಮದೇ. ಯೂರೊಗೆ ನೂರು ರೂಪಾಯಿ ಲೆಕ್ಕ ಹಿಡಿದರೆ ಕೈಖರ್ಚು ಸುಮಾರು 28 ಸಾವಿರ ರೂಪಾಯಿ. ಇದರಲ್ಲಿ ಉಳಿಸಿ ಊರಿಗೆ ಕಳಿಸುತ್ತೇನೆ ಎಂಬ ಲೆಕ್ಕ ಇಟ್ಟುಕೊಂಡು ಹೋಗಬೇಡಿ. ಹೋಗುವ ಮೊದಲು ಜರ್ಮನ್ ಭಾಷೆಯ ಎ1, ಅಂದರೆ ಮೊಟ್ಟಮೊದಲ ಹಂತ, ಮುಗಿಸಿರಬೇಕು. ಬೆಂಗಳೂರಿನ ಗೋಥೆ ಇನ್ಸ್‌ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ಪರೀಕ್ಷೆ ನಡೆಸುತ್ತದೆ. ತರಗತಿಯನ್ನು ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಮಾಡಬಹುದು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ವಿಮಾನ ಅಲ್ಲಿಂದ ಹತ್ತುವುದೇ ಸುಲಭ. ಆದರೆ ಕರ್ನಾಟಕದವರ ದೀರ್ಘಾವಧಿ ವೀಸಾ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೆ.

ನಮ್ಮವರು ಕೇಳುವ ಇನ್ನೊಂದು ಪ್ರಶ್ನೆ: "ಮ್ಯೂನಿಕ್‌ನಲ್ಲಿ ನಮ್ಮ ಚಿಕ್ಕಪ್ಪನ ಮಗ ಇದ್ದಾನೆ, ಅವನ ಮನೆಗೇ ಹೋಗಬಹುದಲ್ಲ?" ಆಗುವುದಿಲ್ಲ. ಕುಟುಂಬದ ಮನೆಮಾತು ಜರ್ಮನ್ ಆಗಿರಬೇಕು, ನೀವು ಅವರ ಸಂಬಂಧಿ ಆಗಿರಬಾರದು, ಭಾರತದಿಂದ ಹೋಗಿ ನೆಲೆಸಿದವರು ಭಾರತದಿಂದಲೇ ಓ ಪೇರ್ ಕರೆಸಿಕೊಳ್ಳುವುದಕ್ಕೂ ನಿಯಮ ಬಿಡುವುದಿಲ್ಲ. ಇದು ಒಳ್ಳೆಯ ನಿಯಮ. ನೆಂಟರ ಮನೆಯಲ್ಲಿ ಗಂಟೆ ಲೆಕ್ಕ, ಬಿಡುವಿನ ಲೆಕ್ಕ ಕೇಳುವುದಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ಬಾಯಿ ಬರುವುದಿಲ್ಲ.

ನನ್ನ ಅಕ್ಕನ ಮಗಳು ಸ್ಟುಟ್‌ಗಾರ್ಟ್ ಬಳಿಯ ಒಂದು ಮನೆಯಲ್ಲಿ ಹೀಗೆ ಇದ್ದು ಬಂದಳು. ಸಿರುಗುಪ್ಪದಲ್ಲಿ ಅವಳು ಅಕ್ಕಪಕ್ಕದ ಮನೆಯ ಮಕ್ಕಳನ್ನೆಲ್ಲ ಆಡಿಸಿ ಬೆಳೆದವಳು. ಮಕ್ಕಳ ವಿಷಯದಲ್ಲಿ ತನಗೇನೂ ಹೊಸದಿಲ್ಲ ಎಂದುಕೊಂಡೇ ಹೋದಳು. ಹೊಸದಾಗಿ ಕಂಡಿದ್ದು ಕಾಯುವ ಕೆಲಸ. ಚಳಿಗಾಲದ ಬೆಳಿಗ್ಗೆ ಮೂರು ವರ್ಷದ ಮಗುವನ್ನು ಶಿಶುವಿಹಾರಕ್ಕೆ ಹೊರಡಿಸಬೇಕು. ಒಳಗಿನ ಬಿಸಿಯುಡುಪು, ಸ್ವೆಟರ್, ಅದರ ಮೇಲೆ ಕೆಸರು ತಾಗದಂಥ ರಬ್ಬರಿನ ಪ್ಯಾಂಟು, ಟೊಪ್ಪಿ, ದಾರಕ್ಕೆ ಕಟ್ಟಿದ ಕೈಗವಸು, ಬೂಟು. ಇವಳ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ಮಗು ಕೈ ತಳ್ಳಿ, ನಾನೇ ಹಾಕಿಕೊಳ್ಳುತ್ತೇನೆ ಎನ್ನುತ್ತಿತ್ತು. ತಾಯಿ ಪಕ್ಕಕ್ಕೆ ಕರೆದು ಹೇಳಿದರಂತೆ: ತಡವಾದರೂ ಪರವಾಗಿಲ್ಲ, ಅವಳೇ ಹಾಕಿಕೊಳ್ಳಲಿ, ನೀನು ನೆಲದ ಮೇಲೆ ಕೂತಿರು. ಊಟದಲ್ಲೂ ಹಾಗೆಯೇ. ನಾವು ನಾಲ್ಕೈದು ವರ್ಷದವರೆಗೆ ತುತ್ತು ಮಾಡಿ ಬಾಯಿಗಿಡುತ್ತೇವೆ. ಅಲ್ಲಿ ಒಂದು ವರ್ಷದ ಕೂಸು ತಾನೇ ಚೆಲ್ಲಾಡಿಕೊಂಡು ತಿನ್ನುತ್ತದೆ. ಸುಮ್ಮನೆ ಪಕ್ಕದಲ್ಲಿ ಕೂರುವುದನ್ನು ಕಲಿತ ಮೇಲೆಯೇ ಆ ಮಗು ತನಗೆ ಹತ್ತಿರವಾಯಿತು ಎನ್ನುತ್ತಾಳೆ. ಬೂಟಿನ ಎಡ ಬಲ ತಿಳಿಯದೆ ಹೋದಾಗ ಮಗು ತಾನಾಗಿಯೇ ಇವಳ ಕಡೆ ಕಾಲು ಚಾಚತೊಡಗಿತು.

ಆ ಮನೆಯಲ್ಲಿ ರಾತ್ರಿಯ ಊಟವೆಂದರೆ ಮರದ ಹಲಗೆಯ ಮೇಲೆ ಬ್ರೆಡ್ಡು, ಚೀಸು, ಸೌತೆಕಾಯಿ. ಒಲೆ ಹಚ್ಚುವುದಿಲ್ಲ. ನಮ್ಮ ಕಡೆಯವರಿಗೆ ಬಿಸಿ ರೊಟ್ಟಿ ಇಲ್ಲದ ರಾತ್ರಿ ಎಷ್ಟು ಕಷ್ಟ ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಅವಳು ಒಯ್ದಿದ್ದ ಜೋಳದ ಹಿಟ್ಟಿನಲ್ಲಿ ಶನಿವಾರ ರೊಟ್ಟಿ ಬಡಿಯುತ್ತಿದ್ದಳು, ಮಕ್ಕಳು ಪಕ್ಕದಲ್ಲಿ ನಿಂತು ತಮ್ಮ ಪುಟ್ಟ ರೊಟ್ಟಿಗಳನ್ನು ಬಡಿಯುತ್ತಿದ್ದವು. ಈ ಸಂದರ್ಭದಲ್ಲಿ ಒಂದು ಎಚ್ಚರಿಕೆ. ನಮ್ಮ ಅಡುಗೆಯಲ್ಲಿ ಶೇಂಗಾ ಇಲ್ಲದ್ದು ಕಡಿಮೆ: ಹಿಂಡಿ, ಉಂಡಿ, ಒಗ್ಗರಣೆ, ಪಲ್ಯದ ಪುಡಿ. ಯುರೋಪು ಅಮೆರಿಕದ ಕೆಲವು ಮಕ್ಕಳಿಗೆ ಶೇಂಗಾ ಅಲರ್ಜಿ ಪ್ರಾಣಕ್ಕೇ ಕುತ್ತು ತರುವಷ್ಟು ಇರುತ್ತದೆ. ಕುಟುಂಬದವರನ್ನು ಕೇಳದೆ ಶೇಂಗಾ ಚಟ್ನಿಯ ಪೊಟ್ಟಣವನ್ನು ಆ ಮನೆಯಲ್ಲಿ ಬಿಚ್ಚಬೇಡಿ. ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ, ಆದ್ದರಿಂದ ಪೇಡೆ, ಕುಂದಾ ಇಲ್ಲೇ ಉಳಿಯಲಿ. ಕಾಣಿಕೆಗೆ ನಮ್ಮ ಕಿನ್ನಾಳದ ಗೊಂಬೆಗಿಂತ ಒಳ್ಳೆಯದು ಯಾವುದಿದೆ?

ಅಮೆರಿಕದ ಓ ಪೇರ್ ವ್ಯವಸ್ಥೆ ಬೇರೆ ಸ್ವಭಾವದ್ದು. ಜೆ-1 ಎಂಬ ವಿನಿಮಯ ಕಾರ್ಯಕ್ರಮಗಳ ವೀಸಾ, ವಯಸ್ಸು 18ರಿಂದ 26, ವಾರಕ್ಕೆ 45 ಗಂಟೆಯವರೆಗೆ ಕೆಲಸ, ವಾರಕ್ಕೆ ಕನಿಷ್ಠ 195.75 ಡಾಲರ್, ಓದಿಗೆ 500 ಡಾಲರ್‌ವರೆಗೆ ನೆರವು. ಅಲ್ಲಿಯ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಪ್ರಾಯೋಜಕ ಸಂಸ್ಥೆಯ ಮೂಲಕವೇ ಹೋಗಬೇಕು. ಎರಡು ವರ್ಷದೊಳಗಿನ ಮಗು ಇರುವ ಮನೆಗೆ ಹೋಗಬೇಕಾದರೆ ಅಂಥ ಕೂಸುಗಳನ್ನು ಕನಿಷ್ಠ 200 ಗಂಟೆ ನೋಡಿಕೊಂಡ ದಾಖಲೆ ಬೇಕು. ಬಹುತೇಕ ಕುಟುಂಬಗಳು ಕಾರು ಓಡಿಸಲು ಬರಬೇಕೆಂದು ಬಯಸುತ್ತವೆ. ಇಂಗ್ಲಿಷ್ ಚೆನ್ನಾಗಿದ್ದು ಹೊಸ ಭಾಷೆ ಕಲಿಯುವ ವ್ಯವಧಾನ ಇಲ್ಲದವರಿಗೆ ಇದು ಸುಲಭವೆನಿಸಬಹುದು. 45 ಗಂಟೆ ಎಂದರೆ ಪೂರ್ಣ ಕೆಲಸ, ಬಾಂಧವ್ಯಕ್ಕೆ ಉಳಿಯುವ ಉಸಿರು ಕಡಿಮೆ. ಹಾಗಾಗಿ ಎರಡರಲ್ಲಿ ಜರ್ಮನಿಯದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಎಲ್ಲ ಮನೆಗಳೂ ಅಕ್ಕನ ಮಗಳಿಗೆ ಸಿಕ್ಕಂಥವಲ್ಲ. ಮಗು ನೋಡಲು ಕರೆದು ಮನೆಗೆಲಸದವಳ ಹಾಗೆ ದುಡಿಸಿಕೊಳ್ಳುವವರೂ ಇದ್ದಾರೆ. ಒಪ್ಪುವ ಮೊದಲು ಆ ಮನೆಯಲ್ಲಿ ಹಿಂದೆ ಇದ್ದ ಓ ಪೇರ್ ಜೊತೆ ಮಾತಾಡಿಸಿ ಎಂದು ಕೇಳಿ. ಹಿಂಜರಿದರೆ ಆ ಮನೆ ಬೇಡ. ಒಂದು ವಾರದ ದಿನಚರಿಯನ್ನು ಗಂಟೆ ಸಮೇತ ಬರೆಸಿಕೊಳ್ಳಿ.

ಸ್ವಯಂಸೇವಾ ವರ್ಷ: ಶಿಶುವಿಹಾರ, ವಿಶೇಷ ಮಕ್ಕಳ ಶಾಲೆ

ಮನೆಯೊಳಗಿನ ಕೆಲಸ ಬೇಡ, ಮಕ್ಕಳ ಸಂಸ್ಥೆಯಲ್ಲಿ ಶಿಸ್ತಾಗಿ ಕಲಿಯಬೇಕು ಎನ್ನುವವರಿಗೆ ಜರ್ಮನಿಯಲ್ಲೇ ಇನ್ನೊಂದು ದಾರಿ ಇದೆ. 27 ತುಂಬದವರಿಗೆ ಸ್ವಯಂಪ್ರೇರಿತ ಸಾಮಾಜಿಕ ವರ್ಷ, ವಯಸ್ಸಿನ ಮೇಲ್ಮಿತಿ ಇಲ್ಲದ ಒಕ್ಕೂಟ ಸ್ವಯಂಸೇವೆ. ಕಡ್ಡಾಯ ಸೇನಾ ಸೇವೆಯನ್ನು ತಡೆಹಿಡಿದ 2011ರಲ್ಲಿ ಎರಡನೆಯದು ಆರಂಭವಾಯಿತು. ಎರಡರಲ್ಲೂ ಸಾಮಾನ್ಯವಾಗಿ 12 ತಿಂಗಳು, ಪೂರ್ಣಾವಧಿ ಕೆಲಸ. ಕೈಖರ್ಚಿನ ಹಣ ಇದೆ, ಮೊತ್ತ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಆರೋಗ್ಯ ವಿಮೆ ಸಹಿತ ಸಾಮಾಜಿಕ ವಿಮೆಯ ಕಂತನ್ನು ಸಂಸ್ಥೆಯೇ ಕಟ್ಟುತ್ತದೆ. 27 ತುಂಬದವರಿಗೆ ವರ್ಷದಲ್ಲಿ 25 ದಿನ ತರಬೇತಿ ಶಿಬಿರಗಳಿರುತ್ತವೆ. ಬಿ.ಎಡ್. ಮಾಡಿದವರಿಗೆ, ಸಮಾಜಕಾರ್ಯ ಓದಿದವರಿಗೆ ಈ ಶಿಬಿರಗಳೇ ದೊಡ್ಡ ಲಾಭ.

ಮಗುವಿನ ದೃಷ್ಟಿಯಿಂದಲೂ ಇದು ಭದ್ರ. ತರಗತಿಯಲ್ಲಿ ತರಬೇತಾದ ಶಿಕ್ಷಕಿಯರು ಇರುತ್ತಾರೆ, ನೀವು ಸಹಾಯಕರು. ಸಂಜೆ ಮಗು ತನ್ನ ಮನೆಗೆ ಹೋಗುತ್ತದೆ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳುತ್ತಾರೆ, ಕೇಳುವುದೇ ಒಳ್ಳೆಯ ಲಕ್ಷಣ. ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯಲ್ಲಿ 500 ರೂಪಾಯಿ ಕಟ್ಟಿದರೆ ಅದು ಸಿಗುತ್ತದೆ.

ಇಲ್ಲಿಯ ಕೊರತೆ ಕುಟುಂಬದ್ದು. ವಸತಿಯನ್ನು ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಕೊಟ್ಟರೂ ಅದು ಇತರ ಸ್ವಯಂಸೇವಕರ ಜೊತೆ ಹಂಚಿಕೊಂಡ ಮನೆಯಾಗಿರಬಹುದು. ಹೊರದೇಶದಿಂದ ಬರುವವರನ್ನು ಅತಿಥೇಯ ಕುಟುಂಬಗಳಲ್ಲಿ ಇರಿಸುವ ಸಂಸ್ಥೆಗಳೂ ಇವೆ. ಬಾಂಧವ್ಯವೇ ನಿಮ್ಮ ಆಸೆಯಾದರೆ ಅರ್ಜಿಯಲ್ಲೇ ಅದನ್ನು ಬರೆಯಿರಿ. ಭಾಷೆಯೂ ಎ1ಕ್ಕಿಂತ ಮುಂದಿರಬೇಕು, ಮಕ್ಕಳ ಜಗಳ ಬಿಡಿಸುವಷ್ಟಾದರೂ. ಜರ್ಮನ್ ಸರ್ಕಾರದ ನೆರವಿನಿಂದ 2008ರಲ್ಲಿ ಆರಂಭವಾದ ವೆಲ್ಟ್‌ವೆರ್ಟ್ಸ್ ಎಂಬ ಯುವ ಸ್ವಯಂಸೇವಾ ಕಾರ್ಯಕ್ರಮದಲ್ಲಿ ಭಾರತದಂಥ ದೇಶಗಳ ಯುವಕರು ಜರ್ಮನಿಗೆ ಹೋಗುವ ವಿಭಾಗವೂ ಇದೆ. ಅದು ಇಲ್ಲಿಯ ಪಾಲುದಾರ ಸಂಸ್ಥೆಗಳ ಮೂಲಕ ನಡೆಯುತ್ತದೆ.

ನೇಪಾಳದ ಹಳ್ಳಿ ಶಾಲೆ

ನೇಪಾಳದ ಆಶ್ರಮಗಳು ಬೇಡ ಎಂದೆ, ನೇಪಾಳವೇ ಬೇಡ ಎನ್ನಲಿಲ್ಲ. ಕಡಿಮೆ ದುಡ್ಡಿನಲ್ಲಿ ಹೊರದೇಶವೊಂದರ ಮನೆಯಲ್ಲಿ ಇದ್ದು ಬರಲು ನಮಗೆ ಇದಕ್ಕಿಂತ ಹತ್ತಿರದ ಜಾಗವಿಲ್ಲ. ಭಾರತೀಯರಿಗೆ ವೀಸಾ ಬೇಕಿಲ್ಲ. 1950ರ ಭಾರತ-ನೇಪಾಳ ಒಪ್ಪಂದದಿಂದ ಬಂದ ಸೌಲಭ್ಯ ಅದು. ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿ, ಅಲ್ಲಿಂದ ಗೋರಖಪುರ, ಆಮೇಲೆ ಸೋನೌಲಿ ಗಡಿ. ಹಿಂದಿ ಅಥವಾ ಉರ್ದು ಬರುವವರಿಗೆ ನೇಪಾಳಿ ಬೇಗ ಕಿವಿಗೆ ಹತ್ತುತ್ತದೆ, ಲಿಪಿಯೂ ದೇವನಾಗರಿಯೇ.

ಆರಿಸಿಕೊಳ್ಳಬೇಕಾದದ್ದು ಊರಿನದೇ ಶಾಲೆ, ಊರಿನದೇ ಮನೆ. ಮಕ್ಕಳು ತಮ್ಮ ಮನೆಯಿಂದ ಶಾಲೆಗೆ ಬರುತ್ತಾರೆ, ನೀವು ಅದೇ ಊರಿನ ಒಂದು ಕುಟುಂಬದಲ್ಲಿ ತಿಂಗಳಿಗಿಷ್ಟು ಎಂದು ಊಟ ವಸತಿಗೆ ಕೊಟ್ಟು ಇರುತ್ತೀರಿ, ಶಾಲೆಯ ಶಿಕ್ಷಕರಿಗೆ ನೆರವಾಗುತ್ತೀರಿ. ಶಿಕ್ಷಕರ ಬದಲಿಗೆ ನಿಲ್ಲಬಾರದು. ಒಂದು ತಿಂಗಳಿಗಿಂತ ಕಡಿಮೆ ಇರುವುದಾದರೆ ಪಾಠಕ್ಕೆ ಕೈಹಾಕದೆ ಗ್ರಂಥಾಲಯ, ಆಟ, ವಿಜ್ಞಾನದ ಪ್ರಯೋಗಗಳಿಗೆ ಸಹಾಯ ಮಾಡಿ. ಅಲ್ಲಿ ಶಾಲಾ ವರ್ಷ ಏಪ್ರಿಲ್ ಮಧ್ಯದ ವೈಶಾಖದಲ್ಲಿ ಶುರುವಾಗುತ್ತದೆ. ದಶೈಂ ಹಬ್ಬಕ್ಕೆ ಶಾಲೆಗಳಿಗೆ ದೀರ್ಘ ರಜೆ. ಪಾಠಕ್ಕೆಂದು ಹೋಗುವವರು ಆ ದಿನಗಳನ್ನು ಬಿಡಬೇಕು. ಮನೆಗೆಂದು ಹೋಗುವವರು ಆ ದಿನಗಳಲ್ಲೇ ಹೋಗಬೇಕು! ನಮ್ಮ ದಸರೆಯ ಕಾಲವೇ ಅದು. ಇಲ್ಲಿ ನಾವು ಹಿರಿಯರಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳುವ ಹೊತ್ತಿಗೆ, ಅಲ್ಲಿ ಹಿರಿಯರು ಅಕ್ಕಿ ಮೊಸರು ಕುಂಕುಮ ಕಲಸಿದ ಟೀಕಾ ಹಚ್ಚಿ, ಮೊಳಕೆ ಬರಿಸಿದ ಬಾರ್ಲಿಯ ಗರಿಗಳನ್ನು ಕಿರಿಯರ ಕಿವಿಗೆ, ತಲೆಗೆ ಮುಡಿಸುತ್ತಾರೆ. ಅಂಥ ದಿನ ಆ ಸಾಲಿನಲ್ಲಿ ನಿಮ್ಮನ್ನೂ ಕೂರಿಸಿದರೆ ಆ ಮನೆಗೆ ನೀವು ಸೇರಿದಿರಿ ಎಂದೇ ಲೆಕ್ಕ.

ಉಳಿದವು

ವಿದ್ಯಾರ್ಥಿಗಳೇ ನಡೆಸುವ ಐಸೆಕ್ ಸಂಸ್ಥೆ 18ರಿಂದ 30 ವಯಸ್ಸಿನವರನ್ನು ಸಾಮಾನ್ಯವಾಗಿ 6ರಿಂದ 8 ವಾರಗಳ ಯೋಜನೆಗಳಿಗೆ ಕಳಿಸುತ್ತದೆ. ಶುಲ್ಕ ಇದೆ, ಟಿಕೆಟ್ ನಿಮ್ಮದು. ಕೆಲವು ಕಡೆ ಅತಿಥೇಯ ಕುಟುಂಬ ಸಿಗುತ್ತದೆ. ಮಕ್ಕಳಿಗೆ ಪಾಠ ಎಂದಿದ್ದರೆ ಬೇಸಿಗೆ ಶಿಬಿರವೋ ಶಾಲೆಯೋ ಆಶ್ರಮವೋ ಕೇಳಿ. ಕಾಲೇಜಿನ ರಜೆಯಲ್ಲಿ ಜಗತ್ತು ನೋಡಬೇಕೆನ್ನುವವರಿಗೆ ಸರಿ, ಗಾಢವಾದ ಬಾಂಧವ್ಯಕ್ಕೆ ಸಾಲದು.

ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ 1970ರಲ್ಲಿ ಮಹಾಸಭೆಯ ನಿರ್ಣಯದಿಂದ ಹುಟ್ಟಿದ್ದು, ಕೇಂದ್ರ ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. ಅರ್ಜಿಗೆ ಹಣವಿಲ್ಲ. ಹಣ ಕೇಳಿದವರು ಮೋಸಗಾರರು ಎಂದೇ ತಿಳಿಯಿರಿ. ಜೀವನ ಭತ್ಯೆ ಕೊಡುತ್ತಾರೆ, ಆಯ್ಕೆ ಕಠಿಣ. ಕೆಲಸ ಬಹುಪಾಲು ಯೋಜನೆ, ವರದಿ, ಸಂವಹನದ್ದು, ಮಗುವಿನ ಕೈಹಿಡಿಯುವುದಲ್ಲ. ಮನೆಯಿಂದಲೇ ಅನುವಾದ, ವಿನ್ಯಾಸದಂಥ ಕೆಲಸ ಮಾಡಿಕೊಡುವ ಆನ್‌ಲೈನ್ ವಿಭಾಗವೂ ಇದೆ. ಮನೆ ಬಿಟ್ಟು ಹೋಗಲಾಗದವರು ಅದನ್ನು ನೋಡಬಹುದು.

ಹೊರಡುವ ಮೊದಲು ಇಲ್ಲಿ

ಮೇಲಿನ ಯಾವುದನ್ನೇ ಆರಿಸಿಕೊಂಡರೂ ಮಕ್ಕಳ ಜೊತೆಗಿನ ಅನುಭವಕ್ಕೆ ದಾಖಲೆ ಕೇಳುತ್ತಾರೆ. "ಮಕ್ಕಳೆಂದರೆ ಇಷ್ಟ" ಎಂದು ಬರೆದರೆ ಯಾರೂ ಒಪ್ಪುವುದಿಲ್ಲ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ನರೇಗಾ ಕೂಲಿಕಾರರ ಪುಟ್ಟ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆಗಳಿವೆ, ಅಂಗನವಾಡಿಗಳಿವೆ, ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೋ ಅಂಗನವಾಡಿ ಮೇಲ್ವಿಚಾರಕಿಗೋ ಲಿಖಿತವಾಗಿ ಅರ್ಜಿ ಕೊಟ್ಟು, ಕೆಲವು ತಿಂಗಳು ನಿಯಮಿತವಾಗಿ ಹೋಗಿ, ಎಷ್ಟು ಗಂಟೆ ಯಾವ ವಯಸ್ಸಿನ ಮಕ್ಕಳ ಜೊತೆ ಇದ್ದಿರಿ ಎಂಬುದನ್ನು ಸಹಿ ಸಮೇತ ಬರೆಸಿಕೊಳ್ಳಿ. ಗುಳೆ ಹೋಗುವ ಕುಟುಂಬಗಳ ಮಕ್ಕಳು ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಅಜ್ಜ ಅಜ್ಜಿಯ ಜೊತೆ ಉಳಿಯುವುದು ನಿಮಗೆ ಗೊತ್ತೇ ಇದೆ. ಅಂಥ ಮಗುವಿನ ಜೊತೆ ಒಂದು ಸಂಜೆ ಕೂತು ಓದಿಸಲು ವ್ಯವಧಾನವಿಲ್ಲದಿದ್ದರೆ ಹೊರದೇಶದಲ್ಲೂ ಅದು ಬರುವುದಿಲ್ಲ. ಈ ಕೆಲಸ ಮಾಡುತ್ತಾ ಕೆಲವರಿಗೆ ಹೊರಗೆ ಹೋಗುವ ಆಸೆಯೇ ಬಿಟ್ಟು ಹೋಗಿದೆ. ಅದೂ ಒಳ್ಳೆಯದೇ, ಇಲ್ಲಿಯ ಮಕ್ಕಳಿಗೆ ಅವರು ಸಿಕ್ಕರು.

ಕಾಗದಪತ್ರದ ವಿಷಯ. 36 ಪುಟದ ಪಾಸ್‌ಪೋರ್ಟಿಗೆ ಸಾಮಾನ್ಯ ಅರ್ಜಿಯ ಶುಲ್ಕ 1500 ರೂಪಾಯಿ. ಅರ್ಜಿಯ ಜೊತೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಲಗತ್ತಿಸಿ. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ (ಇಸಿಆರ್) ಮುದ್ರೆ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕೆನ್ನುವ ಗುರುತು, ಬೀಳುವುದಿಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ ಮಕ್ಕಳಿಗೆ ಪಾಠ ಮಾಡಿ ಎನ್ನುವ ಏಜೆಂಟರನ್ನು ನಂಬಬೇಡಿ. ಥಾಯ್ಲೆಂಡ್‌ನಂಥ ದೇಶಗಳಲ್ಲಿ ಸಂಬಳವಿಲ್ಲದ ಸೇವೆಗೂ ಕೆಲಸದ ಪರವಾನಗಿ ಬೇಕು, ಸಿಕ್ಕಿಬಿದ್ದರೆ ಗಡಿಪಾರಾಗುವುದು ನೀವು, ಏಜೆಂಟರಲ್ಲ. ಕೀನ್ಯಾ, ಘಾನಾ ಕಡೆಗೆ ಹೋಗುವವರು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿರಬೇಕು. ಪ್ರಮಾಣಪತ್ರವಿಲ್ಲದೆ ವಾಪಸು ಬಂದರೆ ಇಲ್ಲಿಯ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇಡುತ್ತಾರೆ.

ಹೆಣ್ಣುಮಕ್ಕಳನ್ನು ಕಳಿಸುವ ಮನೆಯವರ ಆತಂಕವನ್ನು ಹಗುರವಾಗಿ ಕಾಣಬಾರದು. ಎರಡೂ ಮನೆಯವರು ವಿಡಿಯೊ ಕರೆಯಲ್ಲಿ ಮುಖ ನೋಡಿ ಮಾತಾಡಲಿ. ಭಾಷೆ ಬರದಿದ್ದರೂ ಪರವಾಗಿಲ್ಲ, ಮಗಳು ನಡುವೆ ನಿಂತು ಹೇಳುತ್ತಾಳೆ. ನನ್ನ ಅಕ್ಕ ಆ ಜರ್ಮನ್ ತಾಯಿಗೆ ಕೇಳಿದ್ದು ಎರಡೇ ಮಾತು: ಜ್ವರ ಬಂದರೆ ಯಾರು ನೋಡಿಕೊಳ್ಳುತ್ತಾರೆ, ರಾತ್ರಿ ಅವಳ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ. ಆ ತಾಯಿ ಫೋನ್ ಹಿಡಿದುಕೊಂಡು ಹೋಗಿ ಬಾಗಿಲಿನ ಚಿಲಕ ತೋರಿಸಿದರು. ವಾಪಸು ಟಿಕೆಟಿನಷ್ಟು ಹಣವನ್ನು ಮಗಳ ಖಾತೆಯಲ್ಲೇ ಇಟ್ಟು, ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡ ಎಂದು ಹೇಳಿ ಕಳಿಸಿ. ಮನೆ ಸರಿಯಿಲ್ಲದಿದ್ದರೆ ಎದ್ದು ಬರುವ ಧೈರ್ಯ ಆ ಹಣದಿಂದ ಬರುತ್ತದೆ.

ಹಿಂತಿರುಗುವ ದಿನವನ್ನು ಮಗುವಿಗೆ ಮುಚ್ಚಿಡಬೇಡಿ. ಕೊನೆಯ ತಿಂಗಳಿನಿಂದಲೇ ಕ್ಯಾಲೆಂಡರ್ ತೋರಿಸಿ, ಇಂಥ ದಿನ ನಾನು ನಮ್ಮ ಊರಿಗೆ ಹೋಗುತ್ತೇನೆ ಎಂದು ಹೇಳಿ. ಮತ್ತೆ ಬರುತ್ತೇನೆ ಎಂಬ ಮಾತನ್ನು ಟಿಕೆಟ್ ಕೈಯಲ್ಲಿಲ್ಲದೆ ಆಡಬೇಡಿ. ಫೋನ್ ಮಾಡುವುದಾದರೆ ತಂದೆ ತಾಯಿಯ ಮೂಲಕ, ಅವರು ಒಪ್ಪಿದ ಹೊತ್ತಿಗೆ ಮಾಡಿ.

ಜರ್ಮನಿಯ ಸ್ವಯಂಸೇವಾ ವರ್ಷಗಳು ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತವೆ. ಮುಂದಿನ ವರ್ಷ ಹೋಗುವವರು ಈ ದೀಪಾವಳಿಯೊಳಗೆ ಭಾಷಾ ತರಗತಿಗೆ ಸೇರಿ, ಸಂಕ್ರಾಂತಿಯ ಹೊತ್ತಿಗೆ ಅರ್ಜಿ ಕಳಿಸಿರಬೇಕು. ವೀಸಾಕ್ಕೆ ಕನಿಷ್ಠ ಮೂರು ತಿಂಗಳು ಬಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಇಲ್ಲದವರು ಅದರ ಅರ್ಜಿಯನ್ನು ಈ ವಾರವೇ ಹಾಕಿ.